ಜೀಪಿನಲ್ಲಿ ಬಂದ ಹಾಲು

ನನ್ನ ಪುಟ್ಟಕ್ಕ,

ದಾಖಲೆಯಲ್ಲಿ ನೀನು ಸುಮಿತ್ರಾ. ಆದರೆ ನಿನ್ನ ಅಜ್ಜಿ ಮಲ್ಲಕ್ಕ, ಅಂದರೆ ನನ್ನ ಅತ್ತೆ, ನಿನ್ನನ್ನು ತೊಟ್ಟಿಲಿಗೆ ಹಾಕಿದ ದಿನವೇ ತಮ್ಮ ತಾಯಿಯ ಹೆಸರು ಹಿಡಿದು ಪುಟ್ಟಕ್ಕ ಎಂದು ಕರೆದುಬಿಟ್ಟರು. ಹಲ್ಲಿಲ್ಲದ ಕೂಸಿಗೆ ಯಜಮಾನಿತಿಯ ಹೆಸರು. ಕರೆದಾಗಲೆಲ್ಲ ನನಗೆ ನಗು ಬರುತ್ತದೆ. ಈ ಪತ್ರದಲ್ಲಿ ನಗುವ ಸಂಗತಿ ಕಡಿಮೆ.

ನಿನಗೆ ಓದು ಬರುವ ಕಾಲಕ್ಕೆ ಯಾರಾದರೂ ಹೇಳಿರುತ್ತಾರೆ: ದಸರಾದಲ್ಲಿ ಮಗುವಿಗೆ ವಾಂತಿಭೇದಿ ಆಗಿತ್ತು, ಆಸ್ಪತ್ರೆಯಲ್ಲಿಟ್ಟಿದ್ದರು, ಗುಣವಾಯಿತು ಎಂದು. ಅದು ಸುಳ್ಳಲ್ಲ. ಅದರಲ್ಲಿ ನಾನಿಲ್ಲ, ಅಷ್ಟೆ. ನಾನು ಎಲ್ಲಿದ್ದೆ ಎಂಬುದನ್ನು ಬರೆಯಲು ಕೂತಿದ್ದೇನೆ.

ಹೊಸದುರ್ಗದ ಕಡೆಯ ಗುಡ್ಡಸಾಲಿನ ನೆತ್ತಿಯಲ್ಲಿ ನಿಂತ ಗಾಳಿಯಂತ್ರಗಳನ್ನು ನಮ್ಮ ಜನ ಫ್ಯಾನು ಎನ್ನುತ್ತಾರೆ. ಅವುಗಳ ವಿದ್ಯುತ್ ಕೆಲಸ ನೋಡಿಕೊಳ್ಳುವ ಎಂಜಿನಿಯರ್ ನಾನು. ನಿನ್ನ ಅಪ್ಪ ಚೇತನ್‌ಕುಮಾರ್ ರೈಲ್ವೆಯವರು. ನಮ್ಮ ಮನೆ ಚಿಕ್ಕಜಾಜೂರಿನ ಕ್ವಾರ್ಟರ್ಸಿನಲ್ಲಿ. ಬೆಳಿಗ್ಗೆ ಕಲ್ಲೇಶಣ್ಣನ ಜೀಪು ಬಂದು ನನ್ನನ್ನು ಕರೆದೊಯ್ಯುತ್ತದೆ. ಜೀಪು ಅವರದೇ, ಕಂಪನಿಗೆ ಬಾಡಿಗೆಗೆ ಬಿಟ್ಟಿದ್ದಾರೆ. ಹೊಳಲ್ಕೆರೆ ದಾಟಿ, ಡಾಂಬರು ಮುಗಿದ ಮೇಲೆ ಕಲ್ಲಿನ ದಾರಿ. ನಾಲ್ಕೂ ಚಕ್ರ ಎಳೆಯದಿದ್ದರೆ ಆ ಗುಡ್ಡ ಹತ್ತುವುದಿಲ್ಲ. ಒಂದು ಫ್ಯಾನಿನಿಂದ ಇನ್ನೊಂದಕ್ಕೆ ಹೋಗುತ್ತ ದಿನವಿಡೀ ನಾವು ಜೀಪಿನಲ್ಲೇ ಇರುತ್ತೇವೆ.

ನೀನು ಹುಟ್ಟುವ ಮೊದಲು ಡಾಕ್ಟರು ಮಲಗಿಯೇ ಇರಬೇಕೆಂದಿದ್ದರು. ಹೀಗಾಗಿ ಹೆರಿಗೆ ರಜೆಯ ಬಹುಭಾಗ ನೀನು ಬರುವ ಮುಂಚೆಯೇ ಖರ್ಚಾಯಿತು. ಕೆಲಸಕ್ಕೆ ಮರಳುವ ದಿನ ಹತ್ತಿರ ಬಂದಾಗ ನಿನಗೆ ಡಬ್ಬಿಯ ಪುಡಿಹಾಲು ಅಭ್ಯಾಸ ಮಾಡಿಸಲು ಹೋದೆವು. ಮೈಯೆಲ್ಲ ದದ್ದು, ಮಲದಲ್ಲಿ ರಕ್ತ. ಚಿತ್ರದುರ್ಗದ ಮಕ್ಕಳ ಡಾಕ್ಟರು ನೋಡಿ, ದನದ ಹಾಲಿನ ಅಂಶ ನಿನಗೆ ಆಗಿಬರುವುದಿಲ್ಲ, ಸದ್ಯಕ್ಕೆ ತಾಯಿಹಾಲೊಂದೇ ಎಂದರು. ನಾನೂ ಹಾಲು ಮೊಸರು ಮಜ್ಜಿಗೆ ಬಿಟ್ಟೆ. ಇಂಥ ಮಕ್ಕಳಿಗೆಂದೇ ಇರುವ ಬೇರೆ ಪುಡಿಯನ್ನು ತಂದರೆ ನೀನು ಅದನ್ನು ಅಜ್ಜಿಯ ಸೆರಗಿಗೆ ಉಗಿದೆ. ಈಗ ಉಳಿದದ್ದು ಎರಡೇ ದಾರಿ. ನಾನು ಕೆಲಸ ಬಿಡಬೇಕು, ಇಲ್ಲವೇ ಹಗಲಿನಲ್ಲಿ ತೆಗೆದಿಟ್ಟ ನನ್ನ ಹಾಲು ಗುಡ್ಡದಿಂದ ಕೆಡದೆ ಮನೆಗೆ ಬಂದು, ಮರುದಿನ ನಿನ್ನ ಹೊಟ್ಟೆ ಸೇರಬೇಕು.

ನಾನು ಎರಡನೆಯದನ್ನು ಆರಿಸಿದೆ. ನಿನ್ನ ಅಪ್ಪನ ಸಂಬಳದಲ್ಲಿ ಮನೆ ನಡೆಯುತ್ತಿತ್ತು, ಕೆಲಸ ಬಿಡಬಹುದಿತ್ತು. ಇದನ್ನು ನೀನು ನನ್ನಿಂದಲೇ ತಿಳಿಯಬೇಕು.

ನಾನು ಓದುವುದು ಹೆಚ್ಚಾಗಿ ಅನುವಾದದ ಕಾದಂಬರಿಗಳು. ಹಿಮ ಬೀಳುವ ದೇಶದ ಕಥೆಗಳಲ್ಲಿ ಹಾಲಿನ ಪಾತ್ರೆಯನ್ನು ಕಿಟಕಿಯ ಹೊರಗಿಟ್ಟರೆ ಸಾಕು. ನಮ್ಮ ಗುಡ್ಡದಲ್ಲಿ ಐಸು ಹಾಕಿದ ಪೆಟ್ಟಿಗೆ ಮಧ್ಯಾಹ್ನಕ್ಕೆ ಬಿಸಿನೀರಿನ ಪೆಟ್ಟಿಗೆ. ಜೀಪಿನಲ್ಲಿಡುವ ಫ್ರಿಜ್ಜುಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಅವುಗಳಲ್ಲಿ ಎರಡು ಜಾತಿ. ಅಗ್ಗದ್ದು ಹೊರಗಿನ ಬಿಸಿಗಿಂತ ಒಂದಷ್ಟು ಡಿಗ್ರಿ ಇಳಿಸುತ್ತದೆ, ಅಷ್ಟೆ. ಬಿಸಿಲಿಗೆ ನಿಂತ ಜೀಪಿನೊಳಗೆ ಅದು ಹಾಲು ಕೆಡುವುದನ್ನು ತಪ್ಪಿಸುವುದಿಲ್ಲ, ತಡಮಾಡುತ್ತದೆ. ಇನ್ನೊಂದಕ್ಕೆ ಮನೆಯ ಫ್ರಿಜ್ಜಿನಂತೆ ಕಂಪ್ರೆಸರ್ ಇರುತ್ತದೆ. ಹೊರಗೆ ಎಷ್ಟೇ ಉರಿಯಲಿ, ಒಳಗೆ ನಾಲ್ಕು ಎಂದರೆ ನಾಲ್ಕು. ಅದರಲ್ಲಿ ತೀರ ಚಿಕ್ಕದನ್ನು ಕೊಂಡೆ. ದೊಡ್ಡದಾದಷ್ಟೂ ಬ್ಯಾಟರಿ ತಿನ್ನುತ್ತದೆ. ಜೀಪು ವಾಲಿದರೂ ಕೆಲಸ ಮಾಡುತ್ತದೆ ಎಂಬುದನ್ನು ಎರಡೆರಡು ಸಲ ವಿಚಾರಿಸಿಕೊಂಡೆ.

ಮೊದಲು ಅದನ್ನು ಡ್ಯಾಶ್‌ಬೋರ್ಡಿನ ಸಿಗರೇಟು ಹಚ್ಚುವ ಸಾಕೆಟ್ಟಿಗೆ ಚುಚ್ಚಿದೆ. ಕೀ ತೆಗೆದ ಕೂಡಲೇ ಫ್ರಿಜ್ಜು ನಿಂತಿತು. ಕೀ ಹಾಕಿಯೇ ಬಿಟ್ಟರೆ, ಸಂಜೆಯ ಹೊತ್ತಿಗೆ ಜೀಪಿನ ಬ್ಯಾಟರಿ ಸತ್ತು ಇಳಿಜಾರಿನಲ್ಲಿ ತಳ್ಳಿ ಎಬ್ಬಿಸಬೇಕಾಯಿತು. ಕಲ್ಲೇಶಣ್ಣ ಬೆವರು ಒರೆಸಿಕೊಳ್ಳುತ್ತ, “ನಿಮ್ ಡಬ್ಬೀನೂ ತಣ್ಣಗೈತೆ, ನನ್ ಜೀಪೂ ತಣ್ಣಗಾತು ನೋಡ್ರಿ ಮೇಡಂ” ಎಂದರು. ಮುಂದಿನ ಭಾನುವಾರ ಹಿರಿಯೂರಿಗೆ ಹೋಗಿ, ಹೆದ್ದಾರಿ ಬದಿಯಲ್ಲಿ ಲಾರಿಗಳ ವೈರಿಂಗ್ ಮಾಡುವ ಶೆಡ್ಡಿನಲ್ಲಿ ನಾನೇ ನಿಂತು ಸೀಟಿನ ಹಿಂದೆ ಎರಡನೆಯ ಬ್ಯಾಟರಿ ಕಟ್ಟಿಸಿದೆ. ಎಂಜಿನ್ ಓಡುವಾಗ ಅದು ತುಂಬಿಕೊಳ್ಳಬೇಕು. ನಿಂತಾಗ ಫ್ರಿಜ್ಜಿಗೆ ಮಾತ್ರ ಕೊಡಬೇಕು, ಜೀಪಿನ ಬ್ಯಾಟರಿಯನ್ನು ಮುಟ್ಟಬಾರದು. ದಪ್ಪ ವೈರು, ಫ್ಯೂಸು, ಬೆಂಕಿಗಿಂಕಿ ಹತ್ತಿದರೆ ಎಲ್ಲವನ್ನೂ ಒಮ್ಮೆಲೇ ಆರಿಸಲು ಕೆಂಪು ಹಿಡಿಯ ಒಂದು ಸ್ವಿಚ್ಚು. ಯಾವುದನ್ನೂ ಅಂದಾಜಿಗೆ ಬಿಡಲಿಲ್ಲ.

ಬಿಟ್ಟದ್ದು ಒಂದೇ. ಆ ದಿನ ವಾಪಸು ಬರುವಾಗ ಕಲ್ಲೇಶಣ್ಣ ಕೇಳಿದರು: “ಇಷ್ಟೆಲ್ಲ ಮಾಡಿಸಿದ್ರಿ, ಏನೈತ್ರಿ ಇದ್ರಾಗೆ?” ಎದೆಹಾಲು ಎಂಬ ಮಾತು ನನ್ನ ನಾಲಿಗೆಯ ಮೇಲೆ ಬರಲಿಲ್ಲ. ನನಗಿಂತ ಹಿರಿಯರು, ದಿನವೂ ಪಕ್ಕದಲ್ಲಿ ಕೂರುವ ಗಂಡಸು. “ಔಷಧಿ” ಎಂದೆ. ಅವರು ಮತ್ತೆ ಕೇಳಲಿಲ್ಲ. ಎದೆಹಾಲನ್ನು ಹಿಂಡಿ ಬಾಟಲಿಯಲ್ಲಿಟ್ಟು ಒಯ್ಯಬಹುದೆಂಬುದು ಅವರ ಊಹೆಗೂ ಬಂದಿರಲಿಕ್ಕಿಲ್ಲ. ನನಗೇನೋ ಹೇಳಿಕೊಳ್ಳಲಾಗದ ಕಾಯಿಲೆ ಇದೆ ಎಂದುಕೊಂಡರು. ಅಂದಿನಿಂದ ಜೀಪಿನಲ್ಲಿ ಬೀಡಿ ಸೇದುವುದನ್ನು ಬಿಟ್ಟರು. ಹಾಲು ತೆಗೆಯಲು ನಾನು ಜೀಪಿನ ಪರದೆ ಎಳೆದುಕೊಂಡ ಕೂಡಲೇ ದೂರ ಹೋಗಿ ಬಂಡೆಯ ಮೇಲೆ ಬೆನ್ನು ತಿರುಗಿಸಿ ಕೂರುತ್ತಿದ್ದರು. ಆ ಮರ್ಯಾದೆಯೂ ನನಗೆ ಸುಳ್ಳಿನಿಂದ ಸಿಕ್ಕಿದ್ದು.

ಆಯುಧಪೂಜೆಯ ದಿನ ನಮ್ಮ ಕಡೆ ಉಪಕರಣಗಳಿಗೆ ಬಿಡುವು. ಕುಡುಗೋಲು, ತಕ್ಕಡಿ, ಹೊಲಿಗೆಯಂತ್ರ ಎಲ್ಲವನ್ನೂ ತೊಳೆದು, ಕುಂಕುಮವಿಟ್ಟು, ಅವತ್ತು ಕೆಲಸಕ್ಕೆ ಹಚ್ಚದೆ ಬಿಡುತ್ತಾರೆ. ಗಾಳಿ ಮಾತ್ರ ಪಂಚಾಂಗ ನೋಡುವುದಿಲ್ಲ. ಫ್ಯಾನುಗಳು ತಿರುಗುತ್ತಿದ್ದವು, ನನಗೆ ಡ್ಯೂಟಿ ಇತ್ತು. ಗುಡ್ಡದ ಬುಡದ ಕಚೇರಿಗೆ ತಲುಪಿದೊಡನೆ ಜೀಪಿನಲ್ಲೇ ಹಾಲು ತೆಗೆದು, ಬಾಟಲಿಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಫ್ರಿಜ್ಜಿನೊಳಗಿಟ್ಟು, ಕಂಪ್ಯೂಟರಿನ ಮುಂದೆ ಹೋಗಿ ಕೂತೆ. ಅಂಗಳದಲ್ಲಿ ಜೀಪುಗಳನ್ನು ಸಾಲಾಗಿ ನಿಲ್ಲಿಸಿ ತೊಳೆದರು, ಬೂದುಗುಂಬಳಕಾಯಿ ಒಡೆದರು, ಮಂಡಕ್ಕಿ ಹಂಚಿದರು. ಮಧ್ಯಾಹ್ನ ಬೇಗ ಬಿಟ್ಟರು. ಜೀಪು ಹತ್ತಿದಾಗ ಫ್ರಿಜ್ಜಿಗೂ ಸೇವಂತಿಗೆ ಹಾರ ಹಾಕಿತ್ತು. ಒಳಗೆ ಎಷ್ಟು ಡಿಗ್ರಿ ಎಂದು ಅಂಕಿ ತೋರಿಸುವ ಜಾಗ ಹೂವಿನಡಿ ಮುಚ್ಚಿಹೋಗಿತ್ತು. ನಾನು ಹೂ ಸರಿಸಿ ನೋಡಲಿಲ್ಲ. ಚೆಂದ ಕಂಡಿತು, ಹಾಗೇ ಬಿಟ್ಟೆ. ಮನೆ ತಲುಪಿ ತೆಗೆದಾಗ ಬಾಟಲಿ ತಣ್ಣಗೇ ಇತ್ತು.

ಮರುದಿನ ವಿಜಯದಶಮಿ. ನಾನು ಮತ್ತೆ ಗುಡ್ಡಕ್ಕೆ ಹೋದೆ. ಒಂದು ಫ್ಯಾನಿನ ಒಳಗಿನ ಏಣಿ ಹತ್ತಿ ನೆತ್ತಿಯ ಮುಚ್ಚಳ ತೆರೆದು ನಿಂತೆ. ಕೆಳಗೆ ಹೊಲ, ತೆಂಗಿನ ತೋಟ, ದೂರದಲ್ಲಿ ವಾಣಿವಿಲಾಸ ಸಾಗರದ ನೀರು ತಗಡಿನ ಚೂರಿನಂತೆ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಬಹುಶಃ ಅದೇ ಹೊತ್ತಿಗೆ ನಿನ್ನ ಅಜ್ಜಿ ಆ ಬಾಟಲಿಯ ಹಾಲನ್ನು ಬೆಚ್ಚಗೆ ಮಾಡಿ, ಬೆಳ್ಳಿಯ ಒಳಲೆಗೆ ಬಗ್ಗಿಸಿಕೊಂಡು, ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಗುಟುಕು ಗುಟುಕಾಗಿ ಕುಡಿಸುತ್ತಿದ್ದರು. ನಾನು ಮೇಲೆ ಸಂತೋಷವಾಗಿದ್ದೆ ಪುಟ್ಟಕ್ಕ. ನಿನ್ನ ನೆನಪೂ ಇರಲಿಲ್ಲ.

ಇಳಿದು ಬಂದ ಮೇಲೆ ಜೀಪಿನಲ್ಲಿ ಕಲ್ಲೇಶಣ್ಣ ತಾವಾಗಿಯೇ ಹೇಳಿದರು. “ನಿನ್ನೆ ನಿಮ್ ಡಬ್ಬಿಗೂ ಪೂಜೆ ಮಾಡ್ದೆ ಮೇಡಂ. ಒಳಗೆಲ್ಲ ಒರೆಸಿ, ಗಾಳಿ ಆಡ್ಲಿ ಅಂತ ಮುಚ್ಚಳ ತೆಗ್ದಿಟ್ಟು, ಆ ಕೆಂಪು ಸ್ವಿಚ್ಚು ಆರಿಸಿ ರೆಸ್ಟ್ ಕೊಟ್ಟಿದ್ದೆ. ದಿನಾ ದುಡಿತೈತೆ ಪಾಪ. ಹೊರಡಾಕೆ ಮುಂಚೆ ಮತ್ತೆ ಹಾಕ್ದೆ. ಔಷಧಿ ತಾನೆ, ಒಂದಿನ ತಡ್ಕಂತೈತೆ ಅಂದ್ಕಂಡೆ.”

ಮನೆಗೆ ಫೋನು ಮಾಡಿದೆ. “ಪೂರ್ತಿ ಕುಡಿದ್ಲು ಕಣಮ್ಮ, ಒಂದು ತೊಟ್ಟೂ ಬಿಡ್ಲಿಲ್ಲ” ಎಂದರು ಅತ್ತೆ, ಹೆಮ್ಮೆಯಿಂದ.

ಸಂಜೆಗೆ ವಾಂತಿ ಶುರುವಾಯಿತು. ಬೆಳಗಾಗುವಷ್ಟರಲ್ಲಿ ನಿನ್ನ ಕಣ್ಣುಗಳು ಗುಳಿ ಬಿದ್ದಿದ್ದವು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ನಿನ್ನ ಕೈಯಲ್ಲಿ ನರ ಸಿಗದೆ ಪಾದಕ್ಕೆ ಸೂಜಿ ಹಾಕಿದರು. ಏನು ಕೊಟ್ಟಿದ್ದಿರಿ ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಅಜ್ಜಿ ಮುಂದೆ ಬಂದರು. “ಒಳಲೆ ಸರಿಯಾಗಿ ತೊಳೀಲಿಲ್ಲ ಸಾರ್ ನಾನು. ಹಬ್ಬದ ಗಡಿಬಿಡಿ. ನಂದೇ ತಪ್ಪು.” ಡಾಕ್ಟರು ಸ್ವಚ್ಛತೆಯ ಬಗ್ಗೆ ಗದರಿದರು. ಅತ್ತೆ ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಆಗ ಹೇಳಬಹುದಿತ್ತು. ಹೇಳಿದರೆ ನಿನ್ನ ಅಪ್ಪ ಏನೆಂದಾರು ಎಂದು ಹೆದರಿದೆ, ಜೀಪಿನ ಹಾಲು ಅಲ್ಲಿಗೆ ನಿಲ್ಲುತ್ತದೆ ಎಂದು ಹೆದರಿದೆ. ನಿನ್ನ ಪಾದದಲ್ಲಿ ಸೂಜಿ ಇರುವಾಗಲೂ ಗುಡ್ಡ ಕೈತಪ್ಪುತ್ತದೆ ಎಂದೇ ಯೋಚಿಸಿದೆ.

ನೀನು ಚೇತರಿಸಿಕೊಂಡೆ. ಮನೆಗೆ ಬಂದ ಮೇಲೆ ನಿನ್ನ ಅಜ್ಜಿ ಒಳಲೆಯನ್ನು ಬೂದಿಯಲ್ಲಿ ತಿಕ್ಕಿದರು, ಕುದಿಸಿದರು, ಮತ್ತೆ ತಿಕ್ಕಿದರು. ಕುದಿಯುವ ನೀರಿಗೆ ಕೈ ಹಾಕಿ ಅದನ್ನು ತೆಗೆದು ಬೆರಳಲ್ಲಿ ಬೊಬ್ಬೆ ಎಬ್ಬಿಸಿಕೊಂಡರು. ಕೊನೆಗೆ ಅದನ್ನು ಸೆರಗಿನಲ್ಲಿ ಒರೆಸಿ ನನ್ನ ಮುಂದಿಟ್ಟರು. “ಇನ್ನ ನಾನು ಕುಡಿಸಲ್ಲ ಯಮುನಾ. ನನ್ ಕೈ ಸರಿ ಇಲ್ಲ. ಬೇರೆ ಯಾರನ್ನಾದ್ರೂ ನೋಡ್ಕ.” ನಿನ್ನನ್ನು ಎತ್ತಿಕೊಳ್ಳುವುದನ್ನೂ ಬಿಟ್ಟರು. ನೀನು ಅತ್ತರೆ ಬಾಗಿಲ ಬಳಿ ಬಂದು ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನನ್ನನ್ನು ಕರೆಯುತ್ತಿದ್ದರು.

ನಿನ್ನ ಆರೈಕೆಗೆಂದು ಹಾಕಿದ್ದ ರಜೆ ಮುಗಿಯುತ್ತ ಬಂದಿತ್ತು. ಅವರು ಕುಡಿಸದಿದ್ದರೆ ನಾನು ಹೋಗುವಂತಿರಲಿಲ್ಲ. ನಾನು ನಿಜ ಹೇಳಿದ್ದು ಅವರ ಮೇಲಿನ ಕರುಣೆಯಿಂದಲೋ ಕೆಲಸದ ಆಸೆಯಿಂದಲೋ ನನಗೆ ಇಂದಿಗೂ ಗೊತ್ತಿಲ್ಲ. ನಾನು ಓದುವ ಕಾದಂಬರಿಗಳಲ್ಲಿ ಜನ ಪುಟಗಟ್ಟಲೆ ಮಾತಾಡಿ ತಪ್ಪು ಒಪ್ಪಿಕೊಳ್ಳುತ್ತಾರೆ. ನನಗೆ ಬಂದದ್ದು ಇಷ್ಟೆ: ಒಳಲೆಯಿಂದ ಅಲ್ಲ ಅತ್ತೆ, ಹಾಲೇ ಕೆಟ್ಟಿತ್ತು, ಕಲ್ಲೇಶಣ್ಣನಿಗೆ ಔಷಧಿ ಅಂತ ಹೇಳಿದ್ದೆ, ಪೂಜೆಗೆ ಅಂತ ಅವರು ಆರಿಸಿದ್ದರು, ನನಗೆ ಅವತ್ತೇ ಗೊತ್ತಾಗಿತ್ತು.

ಅವರು ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಂತಿತು. ತಮ್ಮ ಬೊಬ್ಬೆಯ ಬೆರಳನ್ನು ನೋಡಿಕೊಂಡರು. “ಇಷ್ಟು ದಿನ ನನ್ ಕೈಯನ್ನ ನಾನೇ ಬೈಕಂಡೆ ಕಣಮ್ಮ. ನೀನು ನೋಡ್ಕಂತ ಕುಂತಿದ್ದೆ.” ಅಷ್ಟೇ. ಎದ್ದು ಬಂದು ನಿನ್ನನ್ನು ನನ್ನ ಮಡಿಲಿನಿಂದ ತೆಗೆದುಕೊಂಡು ಒಳಗೆ ಹೋದರು. ನಿನ್ನ ಅಪ್ಪನಿಗೆ ನಾನೇ ಹೇಳಿದೆ. ಅವರು ಬೈಯಲಿಲ್ಲ, “ಅಮ್ಮಂಗೆ ಅವತ್ತೇ ಹೇಳಬೇಕಿತ್ತು” ಎಂದು ಡ್ಯೂಟಿಗೆ ಹೋದರು.

ನಾನು ಮತ್ತೆ ಹೊರಟ ಬೆಳಿಗ್ಗೆ ಜೀಪು ಬಂದು ನಿಂತಾಗ ನನಗಿಂತ ಮೊದಲು ಅತ್ತೆ ಬೀದಿಗಿಳಿದರು. ನಿನ್ನನ್ನು ಸೊಂಟದ ಮೇಲಿಟ್ಟುಕೊಂಡು, ಕ್ವಾರ್ಟರ್ಸಿನ ಅಷ್ಟೂ ಬಾಗಿಲುಗಳಿಗೆ ಕೇಳುವಂತೆ ಕೂಗಿದರು. “ಲೇ ಕಲ್ಲೇಶ, ಇಳಿಯೋ ಕೆಳಗೆ. ಆ ಡಬ್ಬಿಯಾಗೆ ಏನೈತೆ ಗೊತ್ತೇನೋ? ನನ್ ಮೊಮ್ಮಗಳ ಹಾಲು ಐತೆ. ಇವ್ರಮ್ಮನ ಎದೆಹಾಲು. ಔಷಧಿನೂ ಅಲ್ಲ, ಮಣ್ಣೂ ಅಲ್ಲ.”

ಕಲ್ಲೇಶಣ್ಣ ನನ್ನನ್ನು ನೋಡಿದರು, ನಿನ್ನನ್ನು ನೋಡಿದರು, ಎರಡೂ ಕೆನ್ನೆಗೆ ಬಡಿದುಕೊಂಡರು. “ಅಯ್ಯೋ ಶಿವನೆ! ಮೊದ್ಲೇ ಹೇಳಬಾರದಾ? ಮೂರು ಮಕ್ಕಳ ತಂದೆ ಕಣಕ್ಕ ನಾನು.”

“ನಿನ್ ಪೂಜೆ ಬೇಕಾದ್ರೆ ಜೀಪಿಗೆ ಮಾಡ್ಕ. ಅದನ್ನ ಆರಿಸಿದ್ರೆ ನಿನ್ ಬೆನ್ನಿನ ಮ್ಯಾಲೆ ಕುಂಬಳಕಾಯಿ ಒಡಿತೀನಿ ನೋಡು.”

ಎದುರುಮನೆಯ ಜಯಕ್ಕ ನಕ್ಕರು. ನನ್ನ ಮುಖ ಉರಿಯುತ್ತಿತ್ತು. ನಾನು ಇಷ್ಟು ತಿಂಗಳು ಬಚ್ಚಿಟ್ಟದ್ದನ್ನು ಅವರು ಹಾಲಿನವನ ಲೆಕ್ಕದಷ್ಟು ಸಲೀಸಾಗಿ ಬೀದಿಯಲ್ಲಿ ಹೇಳಿದ್ದರು. ನನ್ನ ಕಡೆ ತಿರುಗಲಿಲ್ಲ. ಜೀಪು ತಿರುವಿನಲ್ಲಿ ಹೋಗುವಾಗ ನೋಡಿದೆ. ಮೊದಲೆಲ್ಲ ನಿನ್ನ ಕೈ ಹಿಡಿದೆತ್ತಿ ಆಡಿಸಿ ನನ್ನನ್ನು ಕಳಿಸುತ್ತಿದ್ದರು. ಅವತ್ತು ನಿನ್ನನ್ನು ಎದೆಗೊತ್ತಿಕೊಂಡು ಒಳಗೆ ಹೋಗಿಬಿಟ್ಟರು. ಇವತ್ತಿಗೂ ಹಾಗೇ ಹೋಗುತ್ತಾರೆ. ನಿನಗೆ ಮಾತ್ರ ಒಂದು ಹೊತ್ತೂ ತಪ್ಪಿಸದೆ ಕುಡಿಸುತ್ತಾರೆ.

ನಾನು ಗುಡ್ಡಕ್ಕೆ ಹೋದದ್ದಕ್ಕೆ ನಿನ್ನ ಕ್ಷಮೆ ಕೇಳಬೇಕೋ ಇಲ್ಲವೋ ನನಗೆ ತಿಳಿಯದು. ಅದನ್ನು ದೊಡ್ಡವಳಾಗಿ ನೀನೇ ಹೇಳು. ಆದರೆ ಆ ಕೈಗಳ ವಿಷಯದಲ್ಲಿ ನನಗೆ ಸಂದೇಹವಿಲ್ಲ. ನಿನ್ನ ಅಜ್ಜಿ ಯಾವತ್ತಾದರೂ ಆ ದಸರಾದ ಮಾತು ತೆಗೆದು “ನನ್ನಿಂದಲೇನೋ” ಎಂದು ಶುರುಮಾಡಿದರೆ, ಮಾತು ಮುಗಿಸಲು ಬಿಡಬೇಡ. ಅವರ ಎರಡೂ ಕೈ ಹಿಡಿದುಕೊಂಡು ನನ್ನ ಹೆಸರು ಹೇಳು.

ನಿನ್ನ ಹೊಟ್ಟೆ ತಣ್ಣಗಿರಲಿ, ಕಂದ. ನಿನ್ನನ್ನು ಸಾಕಿದ ಕೈಗಳ ಆಯಸ್ಸೆಲ್ಲ ನಿನಗೂ ಬರಲಿ.

ಸಂಜೆಗೆ ಬರುವ
ನಿನ್ನ ಅಮ್ಮ,
ಯಮುನಾ