ಇಪ್ಪತ್ತು ಕೋಟಿ ಹೊಲಿಗೆ

ರಾಯದುರ್ಗ,
೧೨ ನವೆಂಬರ್ ೨೦೨೫, ಬುಧವಾರ

ಪ್ರೀತಿಯ ಅಮ್ಮಾ,

ಕಸೂತಿ ಮಷೀನು ನಿನ್ನಿಂದ ಕೆಡಲಿಲ್ಲ. ಮಾರಿದ ಕಂಪನಿಯೇ ಅದನ್ನು ನಿಲ್ಲಿಸಿ ತಪ್ಪನ್ನು ನಿನ್ನ ತಲೆಗೆ ಕಟ್ಟಿತು. ಇಷ್ಟು ಹೇಳದೆ ಬೇರೇನೂ ಬರೆಯಲಾರೆ. ಮೊಣಕಾಲು ನೋವು ಹೇಗಿದೆ? ರೊಳ್ಳದ ಮಾವನ ಮನೆಯಲ್ಲಿ ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಾ ದಿನವಿಡೀ ನಿಂತೇ ಇರುತ್ತೀಯಂತೆ. ಕೂತುಕೊಂಡು ಮಾಡು. ಫೋನ್ ಎತ್ತುವುದಿಲ್ಲ ನೀನು, ಅದಕ್ಕೇ ಈ ಕಾಗದ.

ಆಯುಧಪೂಜೆಯ ದಿನ ನೀನು ಮಷೀನಿಗೆ ಅರಿಶಿನದ ನೀರು ಚಿಮುಕಿಸಿ ಕುಂಕುಮ ಇಟ್ಟೆ. ಹಬ್ಬ ಕಳೆದು ಸ್ವಿಚ್ ಹಾಕಿದರೆ, ಒಂದು ರವಿಕೆಯ ತೋಳು ಮುಗಿಯುವುದರೊಳಗೆ ನಿಂತುಹೋಯಿತು. ಪರದೆಯ ಮೇಲೆ ಬೋರ್ಡ್ ಸುಟ್ಟಿದೆ ಎಂಬ ಕೆಂಪು ಅಕ್ಷರ. ಕಂಪನಿಯ ಸರ್ವಿಸಿನವನು ಬಂದು, “ಪೂಜಿ ನೀರು ಕುಡಿಸಿದ್ರ ಬೋರ್ಡ್ ಉಳೀತದೇನ್ರಿ? ಹೊಸಾದು ತರಿಸ್ರಿ” ಅಂದ. ಲೋಕನಾಥಣ್ಣನ ಶೆಡ್ಡಿನವರೆಲ್ಲ ನಕ್ಕರು. ಹನ್ನೊಂದು ವರ್ಷ ಅಲ್ಲಿ ದುಡಿದವಳು ನೀನು, ಚೀಲ ಎತ್ತಿಕೊಂಡು ಊರಿಗೆ ಹೊರಟೆ.

ಹೋದ ವಾರ ಲೋಕನಾಥಣ್ಣನನ್ನು ಕಾಡಿ ಆ ಬೋರ್ಡ್ ಬಿಚ್ಚಿಸಿದೆ. ನೀರಿನ ಒಂದು ಕಲೆಯೂ ಇಲ್ಲಮ್ಮಾ! ಒಳಗಿನ ಚಿಪ್‌ನಲ್ಲಿ ಇರುವುದು ಬರೀ ಅಂಕಿಗಳ ರಾಶಿ. ಅದನ್ನು ಮನುಷ್ಯರು ಓದುವ ಆಜ್ಞೆಗಳಾಗಿ ಬಿಡಿಸಿಕೊಡುವ ಡಿಸ್‌ಅಸೆಂಬ್ಲರ್ ಎಂಬ ಸಾಧನವಿದೆ. ಯಾರ ಅಪ್ಪಣೆಯೂ ಬೇಡ, ಯಾರು ಬೇಕಾದರೂ ಬಳಸಬಹುದು, ಅದರ ಒಳಗನ್ನೂ ತೆರೆದು ನೋಡಬಹುದು. ವಿಜ್ಞಾನ ಸಂಘದವರ ಕರಪತ್ರಗಳನ್ನು ನಾನು ತಂದಿಟ್ಟರೆ ನೀನು ಒಲೆಗೆ ಹಾಕುತ್ತಿದ್ದೆಯಲ್ಲ, ಅವುಗಳಲ್ಲೇ ಕಲಿತದ್ದು. ಏಳು ದಿನ ಸಾಲುಸಾಲಾಗಿ ಓದಿದೆ. ಸಿಕ್ಕಿತು. ಹೊಲಿಗೆಗಳನ್ನು ಎಣಿಸು, ಇಪ್ಪತ್ತು ಕೋಟಿ ದಾಟಿದರೆ ನಿಲ್ಲಿಸಿ ಬೋರ್ಡ್ ಸುಟ್ಟಿದೆ ಎಂದು ತೋರಿಸು ಎಂದು ಅವರೇ ಬರೆದಿಟ್ಟಿದ್ದಾರೆ. ದಸರೆಯ ಆರ್ಡರುಗಳಿಗೆಂದು ನೀನು ಹಗಲೆಲ್ಲಾ ಓಡಿಸಿದೆಯಲ್ಲ, ಲೆಕ್ಕ ತುಂಬುತ್ತಾ ಬಂದು ಆ ತೋಳಿನಲ್ಲಿ ದಾಟಿತು. ಅಷ್ಟೇ.

ಅಂಥದೇ ಇನ್ನೊಂದು ಸಾಧನ, ಆಜ್ಞೆಗಳನ್ನು ತಿರುಗಿ ಅಂಕಿಗಳಾಗಿಸುವ ಅಸೆಂಬ್ಲರ್. ಅದರಲ್ಲಿ ಆ ಒಂದು ಆಜ್ಞೆ ತಿದ್ದಿ ಮತ್ತೆ ಚಿಪ್‌ಗೆ ತುಂಬಿದೆ. ನಿನ್ನೆ ಲೋಕನಾಥಣ್ಣನ ಕಣ್ಣೆದುರೇ ಸೂಜಿಗಳು ಇಳಿದವು. ಅವನಿಗೆ ಖುಷಿಗಿಂತ ಹೆದರಿಕೆಯೇ ಹೆಚ್ಚು. “ಕಂಪನಿಯೋರು ಕೇಸ್ ಹಾಕಿದ್ರ ಏನ್ ಮಾಡ್ತೀಯವ್ವಾ?” ಅಂದ. “ಹಾಕಲಿ ಬಿಡಣ್ಣಾ, ಆ ಸಾಲು ಕೋರ್ಟಿನಾಗ ನಿಂತು ಓದ್ತೀನಿ” ಅಂದೆ. ಇದೇ ಮಷೀನು ಇರುವ ಆರು ಶೆಡ್ಡುಗಳಿಗೂ ಹೇಳಿ ಕಳಿಸಿದ್ದೇನೆ. ಸರ್ವಿಸಿನವನನ್ನೂ ಕರೆದಿದ್ದೇನೆ.

ಅಜ್ಜಿಯ ಪಾದಕ್ಕೆ, ಗೋಪಿ ಮಾವನಿಗೆ ನನ್ನ ನಮಸ್ಕಾರ. ಬಿಸಿಲಲ್ಲಿ ತಲೆಗೆ ಸೆರಗು ಹೊದ್ದುಕೊ.

ನಿನ್ನ ಮಗಳು,
ಮಾಧವಿ

ತಾ.ಕ.: ಆವತ್ತು ಶೆಡ್ಡಿನಲ್ಲಿ ಎಲ್ಲರಿಗಿಂತ ಮೊದಲು “ಮೂಢನಂಬಿಕೆ, ಎಷ್ಟು ಸಲ ಹೇಳಿದ್ದೆ” ಎಂದು ಕೂಗಿದ್ದು ನಾನು. ಬೋರ್ಡ್ ಬಿಚ್ಚಿಯೂ ನೋಡದೆ ಸರ್ವಿಸಿನವನ ಮಾತು ನಂಬಿದೆ, ನಾನು ಕರಪತ್ರಗಳಲ್ಲಿ ಓದಿದ್ದಕ್ಕೆ ಅದು ಹೊಂದುತ್ತಿತ್ತಲ್ಲ, ಅದಕ್ಕೆ. ನೀನು ಹೊರಟದ್ದು ಅವನ ಮಾತಿಗಲ್ಲ, ನನ್ನ ಮಾತಿಗೆ. ಅಷ್ಟೇ ಜನರ ಎದುರು ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು, ನೀನು ಅಲ್ಲಿರಬೇಕು. ಇದೇ ಇಪ್ಪತ್ಮೂರು, ಭಾನುವಾರ, ಬೆಳಿಗ್ಗೆ ಹತ್ತೂವರೆ, ಲೋಕನಾಥಣ್ಣನ ಶೆಡ್ಡಿನ ಬಾಗಿಲಲ್ಲಿ.