ಮನೆಮಗಳ ಕಾಲು ಮುರಿದರೆ ಯಾರು ಹೊಣೆ?

ವಿದೇಶಕ್ಕೆ ದುಡಿಯಲು ಹೋಗುವವರ ಕಾಗದಗಳಿಗೆ ಮೊಹರು ಒತ್ತುವ ವಿಶಾಖಪಟ್ಟಣದ ಅಧಿಕಾರಿ ಮಹಾಶಯರೇ,

ನನ್ನ ಅಕ್ಕನ ಮಗಳು ಪ್ರಫುಲ್ಲಾ ಜರ್ಮನಿಯಲ್ಲಿ ಕಾಲು ಮುರಿದುಕೊಂಡು ಇಂದಿಗೆ ಮೂವತ್ತೊಂದು ದಿನ. ಅವಳಿಗೆ ಶಸ್ತ್ರಚಿಕಿತ್ಸೆ ಆಗಬೇಕಾದರೆ ತಮ್ಮಿಂದ ಒಂದು ಸಾಲಿನ ಪತ್ರ ಬೇಕು. ಆ ಸಾಲು ಬರೆಯಲು ತಾವು ಒಲ್ಲಿರಿ. ಇಂಗ್ಲಿಷಿನಲ್ಲಿ ಮೂರು ಅರ್ಜಿ ಕೊಟ್ಟೆ, ಪಕ್ಕದ ಮನೆಯವರಿಂದ ತೆಲುಗಿನಲ್ಲೊಂದು ಬರೆಸಿಯೂ ಕೊಟ್ಟೆ. ತಾವು ಯಾವುದನ್ನೂ ಓದಿದಂತಿಲ್ಲ. ಹಾಗಿರುವಾಗ ತಮಗೆ ಬಾರದ ಕನ್ನಡದಲ್ಲಿ ಬರೆದರೂ ನಷ್ಟವೇನಿಲ್ಲವೆಂದು ನಮ್ಮ ತುಮಕೂರಿನ ಪತ್ರಿಕೆಗೆ ಇದನ್ನು ಕಳಿಸುತ್ತಿದ್ದೇನೆ. ತಾವು ಓದದಿದ್ದರೂ, ಹೆಣ್ಣುಮಕ್ಕಳನ್ನು ಹೊರದೇಶಕ್ಕೆ ಕಳಿಸಲು ಹೊರಟ ನಾಲ್ಕು ಜನ ಓದಿಯಾರು.

ನಾನು ದ್ವಾರಕಾ ನಗರದ ಬ್ಯಾಂಕೊಂದರಲ್ಲಿ ಅಧಿಕಾರಿ. ಗಂಡನನ್ನು ಕಳೆದುಕೊಂಡ ಅಕ್ಕ ಸೀತಾಲಕ್ಷ್ಮಿ, ಅವಳ ಮಗಳು ಪ್ರಫುಲ್ಲಾ ನನ್ನ ಜೊತೆಗೇ ಇದ್ದವರು. ಕಳೆದ ವರ್ಷ, ಎಂದರೆ ೧೯೯೩ರಲ್ಲಿ, ನಾವು ವರ್ಗವಾಗಿ ಇಲ್ಲಿಗೆ ಬಂದು ಇನ್ನೂ ಇಪ್ಪತ್ತು ದಿನವಾಗಿರಲಿಲ್ಲ. ‘ಓ ಪೇರ್’ ಬೇಕು ಎಂಬ ಜಾಹೀರಾತನ್ನು ಪ್ರಫುಲ್ಲಾ ಪೇಪರಿನಲ್ಲಿ ನೋಡಿದಳು. ಪರದೇಶದ ಒಂದು ಮನೆಯಲ್ಲಿದ್ದು ಅವರ ಮಕ್ಕಳನ್ನು ನೋಡಿಕೊಳ್ಳುವುದು, ಊಟ ವಸತಿ ಅವರದು, ಕೈಖರ್ಚಿಗೆ ಒಂದಿಷ್ಟು, ಬಿಡುವಿನಲ್ಲಿ ಅವರ ಭಾಷೆ ಕಲಿಯುವುದು. ಇಪ್ಪತ್ತೆರಡರ ಹುಡುಗಿಗೆ ಆಸೆ ಹುಟ್ಟದೆ ಇದ್ದೀತೆ? ಮೂವರೂ ಬೆಳಗಿನ ರೈಲು ಹಿಡಿದು ವಿಜಯವಾಡಕ್ಕೆ ಹೋದೆವು.

ಗವರ್ನರ್‌ಪೇಟೆಯಲ್ಲಿ ಸೀರೆ ಅಂಗಡಿಯ ಮಹಡಿ ಮೇಲೆ ಏಜೆನ್ಸಿ. ಅದನ್ನು ನಡೆಸುವ ಕೋಟೇಶ್ವರಮ್ಮನವರು ನಮಗೆ ಮಜ್ಜಿಗೆ ಕೊಟ್ಟು, ಅಕ್ಕನ ಕೈ ಹಿಡಿದುಕೊಂಡು ಹೇಳಿದರು: “ಇದಿ ಜೀತಂ ಕಾದಂಡಿ. ಇಂಟಿ ಪಿಲ್ಲಲಾಗಾ ಚೂಸುಕುಂಟಾರು.”

ಮನೆಮಗಳಂತೆ ನೋಡಿಕೊಳ್ಳುತ್ತಾರೆ ಎಂಬುದು ಮೂವರಿಗೂ ಅರ್ಥವಾಯಿತು. ಜೀತ ಅಲ್ಲ ಎಂಬುದಂತೂ ಅರ್ಥವಾಗದೆ ಏನು, ಅಚ್ಚ ಕನ್ನಡವಲ್ಲವೆ! ಅಲ್ಲಿಯತನಕ ಮಗಳನ್ನು ಯಾರದೋ ಮನೆ ಚಾಕರಿಗೆ ಕಳಿಸುತ್ತಿದ್ದೇನೋ ಎಂದು ಅಳುಕುತ್ತಿದ್ದ ಅಕ್ಕನ ಮುಖ ಅರಳಿತು. “ಜೀತ ಅಲ್ವಂತೆ ಕಣೋ ರಮಾ. ಇನ್ನೇನ್ ಯೋಚ್ನೆ ಮಾಡ್ತೀಯ, ಹಾಕು ಸಹಿ” ಎಂದಳು. ನಾನು ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದೆ.

ಮುಂದಿನ ಒಂದನೇ ತಾರೀಕು ನಮ್ಮ ಬ್ಯಾಂಕಿನ ಅಟೆಂಡರು, ಜೀತಂ ಬಂತೇ ಸಾರ್ ಎಂದು ನಗುತ್ತಾ ಕೇಳಿದಾಗಲೇ ನನಗೆ ತಿಳಿದದ್ದು, ತೆಲುಗಿನಲ್ಲಿ ಆ ಮಾತಿಗೆ ಸಂಬಳ ಎಂದು ಅರ್ಥ. ಕೋಟೇಶ್ವರಮ್ಮನವರು ಸುಳ್ಳು ಹೇಳಿರಲಿಲ್ಲ. ಇದು ಸಂಬಳದ ಕೆಲಸವಲ್ಲ ಎಂದು ನೆಟ್ಟಗೆ ಹೇಳಿದ್ದರು. ನಾವು ಅದನ್ನು ಗುಲಾಮಗಿರಿಯಲ್ಲ ಎಂದು ಕೇಳಿಸಿಕೊಂಡು ಸಂತೋಷದಿಂದ ವಾಪಸಾಗಿದ್ದೆವು. ಅಷ್ಟು ಹೊತ್ತಿಗೆ ಆ ಕರಾರಿನ ಮೇಲೆ ತಮ್ಮ ಮೊಹರು ಬಿದ್ದಾಗಿತ್ತು. ನಾನು ಅದನ್ನು ಮನೆಯಲ್ಲಿ ಹಾಸ್ಯದಂತೆ ಹೇಳಿದೆ. ಎಲ್ಲರೂ ನಕ್ಕೆವು. ಆ ನಗುವಿಗೆ ನನಗೆ ಈಗ ನಾಚಿಕೆಯಾಗುತ್ತದೆ.

ಕರಾರಿನಲ್ಲಿ ವಿಮೆ ಎಂಬ ಕಾಲಂ ಇತ್ತು. ಅದರ ಮುಂದೆ ‘ಅನ್ವಯಿಸುವಂತೆ’ ಎಂದು ಬರೆದಿತ್ತು. ಅಷ್ಟೆ. ಮಹಾಶಯರೇ, ನಮ್ಮ ಬ್ಯಾಂಕಿನಲ್ಲಿ ಎಮ್ಮೆಗೆ ಸಾಲ ಕೊಡಬೇಕಾದರೂ ಮೊದಲು ಅದರ ಕಿವಿಗೆ ವಿಮೆಯ ಬಿಲ್ಲೆ ಹೊಡೆಯಬೇಕು. ಬಿಲ್ಲೆ ಇಲ್ಲದ ಎಮ್ಮೆಯ ಕಾಗದಕ್ಕೆ ಹದಿನೆಂಟು ವರ್ಷದಲ್ಲಿ ನಾನು ಒಮ್ಮೆಯೂ ಸಹಿ ಹಾಕಿದವನಲ್ಲ. ಅಕ್ಕನ ಮಗಳ ಕಾಗದಕ್ಕೆ ಹಾಕಿದೆ. ನಾನು ಮೂರ್ಖ, ಒಪ್ಪಿದೆ. ಆದರೆ ಮೂರ್ಖರು ಬರುತ್ತಾರೆಂದೇ ಅಲ್ಲವೆ ಸರ್ಕಾರ ಅಲ್ಲಿ ತಮ್ಮನ್ನು ಕೂರಿಸಿರುವುದು? ಕಾಲಂ ಓದದೆ ಮೊಹರು ಒತ್ತುವುದಕ್ಕೆ ಅಧಿಕಾರಿ ಏಕೆ ಬೇಕು?

ಜನವರಿ ಹನ್ನೊಂದರ ಬೆಳಿಗ್ಗೆ ಜರ್ಮನಿಯಲ್ಲಿ ಅವಳಿದ್ದ ಮನೆಯ ಹೊರಗಿನ ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗಿತ್ತು. ಪ್ರಫುಲ್ಲಾ ಜಾರಿ ಬಿದ್ದಳು. ಕಾಲ ಹರಡಿನ ಮೂಳೆ ಎರಡು ಕಡೆ ಮುರಿಯಿತು. ಮನೆಯವರು ಪಟ್ಟಿ ಕಟ್ಟಿಸಿ, ವಾರದ ಮೇಲೆ ಇಗರ್ಜಿಯವರ ಹಾಸ್ಟೆಲ್ಲಿಗೆ ಬಿಟ್ಟು ಬಂದರು. ಮನೆಮಗಳನ್ನು ಹೀಗೂ ಬಿಟ್ಟು ಬರುವ ಪದ್ಧತಿ ಅಲ್ಲಿದೆಯೋ ಏನೋ. ಮೂಳೆ ಸರಿದಿದೆ, ಕೊಯ್ದು ಕೂಡಿಸದಿದ್ದರೆ ಜನ್ಮಪೂರ್ತಿ ಕುಂಟಬೇಕಾಗುತ್ತದೆ ಎನ್ನುತ್ತಾರೆ ಡಾಕ್ಟರು. ಅವಳು ಕೆಲಸಕ್ಕಿದ್ದವಳಾದರೆ ಆ ಮನೆಯವರ ವಿಮಾ ಕಂಪನಿ ಖರ್ಚು ಕೊಡಲು ಸಿದ್ಧವಿದೆ. ಅವರದು ಒಂದೇ ಪ್ರಶ್ನೆ: ಹುಡುಗಿ ಅಲ್ಲಿ ಕೆಲಸಕ್ಕಿದ್ದಳೋ, ಅತಿಥಿಯೋ? ಆಕೆಯನ್ನು ಕಳಿಸಿಕೊಟ್ಟ ದೇಶದ ಕಚೇರಿ ಬರೆದು ತಿಳಿಸಲಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ತಮ್ಮನ್ನು ನೋಡಿಯೇ ಹುಟ್ಟಿರಬೇಕು. ಅಕ್ಕನನ್ನು ಕರೆದುಕೊಂಡು ತಮ್ಮ ಮುಂದೆ ನಿಂತಾಗ ತಾವು ಫೈಲಿನಿಂದ ತಲೆಯೆತ್ತದೆ ಹೇಳಿದಿರಿ: “ಜೀತಂ ಲೇದು ಕಾಬಟ್ಟಿ ಉದ್ಯೋಗಂ ಕಾದು.” ಸಂಬಳವಿಲ್ಲ, ಆದ್ದರಿಂದ ಉದ್ಯೋಗವಲ್ಲ. ಈ ಸಲ ಅಕ್ಕನಿಗೆ ತೆಲುಗು ಸರಿಯಾಗಿ ಅರ್ಥವಾಯಿತು.

ಉದ್ಯೋಗವಲ್ಲದಿದ್ದರೆ, ದುಡಿಯಲು ಹೋಗುವವರ ಕಿಟಕಿಯ ಮುಂದೆ ಪ್ರಫುಲ್ಲಾಳನ್ನು ಎರಡು ದಿನ ನಿಲ್ಲಿಸಿದ್ದೇಕೆ? ಅತಿಥಿಯಾಗಿ ಹೋಗುವವಳಿಗೆ ‘ಉದ್ಯೋಗಕ್ಕೆ ಹೋಗಲು ಅಡ್ಡಿಯಿಲ್ಲ’ ಎಂಬ ಮೊಹರೇಕೆ? ಬೆಳಿಗ್ಗೆ ಆರಕ್ಕೆದ್ದು ಮಕ್ಕಳನ್ನು ತೊಳೆದು, ಉಣಿಸಿ, ಬಟ್ಟೆ ಇಸ್ತ್ರಿ ಮಾಡುವ ಅತಿಥಿಯನ್ನು ತಾವು ಯಾರ ಮನೆಯಲ್ಲಿ ಕಂಡಿದ್ದೀರಿ? ತಮ್ಮ ಮನೆಗೆ ಅಂಥವರು ಬರುವುದುಂಟಾದರೆ ವಿಳಾಸ ಕೊಡಿ, ಆ ಅದೃಷ್ಟವನ್ನು ನಾವೂ ಕಣ್ಣಾರೆ ನೋಡಿ ಬರುತ್ತೇವೆ.

ನಿನ್ನೆ ಪ್ರಫುಲ್ಲಾಳ ಕಾಗದ ಬಂತು. ಬಿದ್ದದ್ದು ಹೇಗೆಂದು ನಾನು ಕೇಳಿದ್ದೆ. ಅವಳು ಬರೆದಿದ್ದಾಳೆ: “ಮಾವ, ಕೈ ಊರಿದ್ದರೆ ಕಾಲು ಉಳಿಯುತ್ತಿತ್ತೇನೋ. ಚಿಕ್ಕ ಮಗು ಕೈಯಲ್ಲಿತ್ತು, ಬಿಡಲಾಗಲಿಲ್ಲ. ಮಗುವಿಗೆ ಏನೂ ಆಗಲಿಲ್ಲ, ಅಮ್ಮನಿಗೆ ಹೇಳು.”

ಹಾಸ್ಟೆಲ್ಲಿನವರು ಅವಳನ್ನು ಇಟ್ಟುಕೊಳ್ಳುವುದು ಈ ತಿಂಗಳ ಇಪ್ಪತ್ತೇಳರವರೆಗೆ. ಅಷ್ಟರೊಳಗೆ ತಮ್ಮ ಪತ್ರ ಅಲ್ಲಿ ತಲುಪಬೇಕು. ತಾವು ದಯೆ ತೋರಿಸಬೇಕಿಲ್ಲ, ಕಾನೂನು ಹುಡುಕಬೇಕಿಲ್ಲ. ಬಿದ್ದಾಗ ಅವಳ ಎರಡು ಕೈಗಳಲ್ಲಿ ಏನಿತ್ತು ಎಂಬುದನ್ನಷ್ಟೇ ಬರೆದು, ಕೆಳಗೆ ಮೊಹರು ಒತ್ತಿ ಕಳಿಸಿ.

ಇಂತಿ, ಓದದೆ ಸಹಿ ಹಾಕಿದವರಲ್ಲಿ ತಮಗಿಂತ ಮೊದಲಿಗನಾದ,
ರಮಾಕಾಂತ
(ಸಾಕ್ಷಿ)
ವಿಶಾಖಪಟ್ಟಣ, ೧೧ ಫೆಬ್ರವರಿ ೧೯೯೪