ಏಳು ತುತೂರಿಗಳ ಹಿಂಬದಿ

ಸೆಪ್ಟೆಂಬರ್ 5, ಸೋಮವಾರ

ಬೆಳಗಿನಿಂದ ನಾರುಬಟ್ಟೆಗೆ ತೊಗಟೆ ಬಡಿದದ್ದೇ ಬಡಿದದ್ದು. ತೋಳು ಸೋತುಹೋಗಿದೆ. ನಮ್ಮ ಗಿಡಗಳೆಲ್ಲ ಉಪ್ಪುನೀರಿಗೆ ಸುಟ್ಟುಹೋದವಲ್ಲ, ಇದು ಒಳಗಿನ ಹಳ್ಳಿಯ ನೆಂಟರು ಕೊಟ್ಟ ತೊಗಟೆ. ಬರೀ ಗಂಟು. ನಾಲ್ಕು ಏಟಿಗೆ ಹರಿಯುತ್ತದೆ. ಆದರೂ ಬಿಡಲಿಲ್ಲ, ನಾನೂ ಪಕ್ಕದ ಮನೆಯ ವಿಕಾನೂ. ಪಕ್ಕದ ಮನೆ ಅನ್ನುವುದು ಬಾಯಿಯ ಅಭ್ಯಾಸ. ಈಗ ಚರ್ಚಿನ ದಿಬ್ಬದಲ್ಲಿ ಪಕ್ಕದ ಟೆಂಟು.

ವಿಕಾ ಅಂದಳು: "ಫುಸಿ, ನಿನ್ ತಮ್ಮ ಹೇಳೋ ಲೆಕ್ಕದಲ್ಲಿ ಈ ಬಟ್ಟೆ ಮುಗಿಯೋ ಹೊತ್ತಿಗೆ ಲೋಕಾನೇ ಮುಗಿದಿರುತ್ತೆ. ಸುಮ್ನೆ ಕೈ ನೋಯಿಸ್ಕೋತಾ ಇದೀವಿ."

"ಮುಗೀಲಿ ಬಿಡು. ಅರ್ಧ ಬಟ್ಟೆ ಹಿಡ್ಕೊಂಡು ದೇವರ ಮುಂದೆ ನಿಲ್ಲೋಕೆ ನನಗೆ ನಾಚಿಕೆ. ಪೂರ್ತಿ ಮಾಡ್ಕೊಂಡೇ ಹೋಗ್ತೀನಿ."

ಜನವರಿಯಲ್ಲಿ ಸಮುದ್ರದೊಳಗಿನ ಬೆಟ್ಟ ಸಿಡಿದು ಅಲೆ ಬಂದಾಗ ಊರಲ್ಲಿ ಒಂದು ಗೋಡೆ ನೆಟ್ಟಗೆ ಉಳಿಯಲಿಲ್ಲ. ಹಾಸಿಗೆ ಕೆಳಗೆ ಮಡಿಸಿಟ್ಟಿದ್ದ ನಾರುಬಟ್ಟೆಗಳೂ ಹೋದವು. ನಮ್ಮ ಟೋಂಗಾ ದ್ವೀಪಗಳಲ್ಲಿ ಹೆಂಗಸಿನ ಆಸ್ತಿ ಅಂದರೆ ಅದೇ. ಉಳಿದದ್ದು ಒಂದು — ಅಮ್ಮ ಮಾಡಿದ್ದು, ದಿಬ್ಬದ ಮೇಲಿನ ಚರ್ಚಿನ ಹಾಲ್‌ಗೆ ಎರವಲು ಕೊಟ್ಟಿದ್ದದ್ದು. ತಮ್ಮ ಸೈಮೋನೆ ಅದನ್ನು ತಿರುಗಿಸಿ, ಹಿಂಬದಿಗೆ ಕಪ್ಪು ಬಣ್ಣದಲ್ಲಿ ತನ್ನ ನಕ್ಷೆ ಬರೆದು ತೂಗುಹಾಕಿದ್ದಾನೆ. ಬೈಬಲಿನ ಕೊನೆಯ ಪುಸ್ತಕ ಹೇಳುವ ಲೋಕಾಂತ್ಯದ ಏಳು ಮುದ್ರೆ, ಏಳು ತುತೂರಿ, ಏಳು ಪಾತ್ರೆ. ಇಪ್ಪತ್ತೊಂದು ಮೆಟ್ಟಿಲು, ಒಂದಾದ ಮೇಲೊಂದು. ಕೊನೆಗೆ ಬೆಂಕಿ.

ಅಮ್ಮನ ಬಟ್ಟೆ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಸೆಪ್ಟೆಂಬರ್ 11, ಭಾನುವಾರ

ಇವತ್ತು ಚರ್ಚಿನ ಹಾಲ್‌ನಲ್ಲಿ ಸೈಮೋನೆಯದೇ ಪ್ರಸಂಗ. ಕೋಲು ಹಿಡಿದು ನಕ್ಷೆ ತೋರಿಸಿದ.

"ಉರಿಯೋ ಬೆಟ್ಟ ಸಮುದ್ರಕ್ಕೆ ಬಿತ್ತು. ನೋಡಿದ್ರೋ ಇಲ್ವೋ? ಅದು ಎರಡನೇ ತುತೂರಿ. ನೀರು ಕಹಿಯಾಯ್ತು. ನಿಮ್ಮ ನಿಮ್ಮ ಟ್ಯಾಂಕಿನ ನೀರು ಕುಡಿದು ಉಗಿದ್ರೋ ಇಲ್ವೋ? ಅದು ಮೂರನೇದು. ಈಗ ನಾವು ನಿಂತಿರೋದು ಇಲ್ಲಿ." ಕೋಲು ಟಕ್ಕೆಂದಿತು. "ಇನ್ನು ಮನೆ ಕಟ್ಟೋದು ಯಾಕೆ? ಹೆಣ್ಣು ಕೊಡೋದು ತರೋದು ಯಾಕೆ? ಆ ದಿನಗಳಲ್ಲಿ ಬಸುರಿಯರ ಗತಿ ಏನು ಅಂತ ಪ್ರಭುವೇ ಮರುಗಿಲ್ವಾ?"

ಅವನ ಮಗಳು ಮೆಲೆನೈತೆ ನನ್ನ ಮುಂದಿನ ಬೆಂಚಿನಲ್ಲಿ. ಚರ್ಚಿಗೆ ಬರುವಾಗ ಎಲ್ಲರೂ ಸುತ್ತಿಕೊಳ್ಳುವ ಚಾಪೆಯನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡಿದ್ದಳು. ಕತ್ತಿನ ಹಿಂಭಾಗವೆಲ್ಲ ಬೆವರು. ಅವಳಿಗೆ ಮೂರು ತಿಂಗಳು. ಅಪ್ಪನಿಗೆ ಗೊತ್ತಿಲ್ಲ. ಗೊತ್ತಿರುವುದು ನನಗೆ, ಮತ್ತೆ ಆ ಹುಡುಗ ಫೆಲೆತಿಗೆ. ಹೆಣ್ಣುಮಕ್ಕಳು ಇಂಥದ್ದನ್ನು ಮೊದಲು ಸೋದರತ್ತೆಗೇ ಹೇಳುವುದು.

ಹೊರಗೆ ಬಂದಮೇಲೆ ನನ್ನ ಕೈ ಹಿಡಿದಳು. "ಅತ್ತೆ, ಅಪ್ಪ ನನ್ನನ್ನೇ ನೋಡಿ ಹೇಳಿದ್ರಾ?"

"ನಿಮ್ಮಪ್ಪನ ಕಣ್ಣು ಆಕಾಶ ಬಿಟ್ಟು ಕೆಳಗಿಳಿದು ಎಷ್ಟು ದಿನ ಆಯ್ತು, ಹೇಳು."

ನಕ್ಕಳು. ನನಗೆ ನಗು ಬರಲಿಲ್ಲ. ಮೈ ಉರಿಯುತ್ತಿತ್ತು.

ಸೆಪ್ಟೆಂಬರ್ 14, ಬುಧವಾರ

ಸೈಮೋನೆಯನ್ನು ಕರೆಸಿದೆ. ಟೆಂಟಿನ ಹೊರಗೇ ನಿಂತ, ಅರ್ಧ ಮುಖ ಆಚೆಗೆ. ನಮ್ಮಲ್ಲಿ ಅಕ್ಕ ಮಲಗುವ ಜಾಗಕ್ಕೆ ತಮ್ಮ ಕಾಲಿಡಬಾರದು. ನಾವು ಎದುರುಬದುರು ಕೂತು ವಾದ ಮಾಡುವ ಹಾಗೂ ಇಲ್ಲ, ತಮಾಷೆ ಅಂತೂ ಕೇಳಲೇಬೇಡಿ. ಚಿಕ್ಕಂದಿನಿಂದ ಹೀಗೇ. ಗೌರವ. ಕೆಲವೊಮ್ಮೆ ಈ ಗೌರವ ಗಂಟಲಿಗೆ ಸಿಕ್ಕಿಕೊಂಡ ಮೀನಿನ ಮುಳ್ಳು.

"ಮೆಲೆನೈತೆ ಮದುವೆ ನವೆಂಬರ್ ಮೊದಲ ಶನಿವಾರ ಮಾಡೋಣ ಅಂತಿದೀನಿ."

"ಈ ಕಾಲದಲ್ಲಿ ಮದುವೆ ಯಾಕೆ ಅಕ್ಕ? ಉಳಿದಿರೋದು ಸ್ವಲ್ಪ ದಿನ. ಪ್ರಾರ್ಥನೆ ಮಾಡ್ಕೊಂಡು ಇರ್ಲಿ."

"ಹುಡುಗ ಒಳ್ಳೆಯವನು."

"ಒಳ್ಳೆಯವನೇ. ನಾನು ಮಾತ್ರ ಬರಲ್ಲ. ಕ್ಷಮಿಸು."

ಮೆತ್ತಗೆ ಹೇಳಿ ಹೋದ. ಕೂಗಾಡಿದ್ದರೆ ಚೆನ್ನಾಗಿತ್ತು. ಅವನ ಕೈಯಲ್ಲಿ ಖಾಲಿ ಸೀಮೆಎಣ್ಣೆ ಡಬ್ಬ. ಸಂಜೆಯಾದರೆ ಸಮುದ್ರದ ದಂಡೆಯಲ್ಲಿ ಬಿಳಿ ಹವಳದ ಕಲ್ಲು ಆರಿಸಿ ಅದಕ್ಕೆ ಹಾಕುತ್ತಾನೆ. ದಿನಕ್ಕೊಂದು ಕಲ್ಲು, ಕಡೇ ದಿನ ಎಣಿಸೋಕೆ ಅಂತ ವಿಕಾ ಹೇಳುತ್ತಾಳೆ. ಅವನ ಮನೆಗೆ ಅಂತ ಸರ್ಕಾರ ಕೊಟ್ಟ ಮರ ಮಾತ್ರ ಕಟ್ಟೂ ಬಿಚ್ಚದೆ ಬಿದ್ದಿದೆ.

ಸೆಪ್ಟೆಂಬರ್ 15

ಪಾದ್ರಿಗಳ ಹತ್ತಿರ ಹೋಗಿದ್ದೆ. ಸುಸ್ತಾಗಿದ್ದಾರೆ ಪಾಪ, ಎಂಬತ್ತರ ಹತ್ತಿರ. ಅವರ ಪ್ರಕಾರ ಕೊನೆಯ ಪುಸ್ತಕದಲ್ಲಿ ಬರೆದದ್ದೆಲ್ಲ ಅವತ್ತಿನ ರೋಮಿನ ದೊರೆಗಳ ಕಾಲದಲ್ಲೇ ಆಗಿಹೋಯಿತು. ಆಕ್ಲೆಂಡಿನ ನನ್ನ ದೊಡ್ಡಪ್ಪನ ಮಗಳು ಫೋನಿನಲ್ಲಿ ಬೇರೆ ಹೇಳುತ್ತಾಳೆ — ಮೊದಲು ನಂಬಿದವರನ್ನೆಲ್ಲ ದೇವರು ಆಕಾಶಕ್ಕೆ ಎತ್ತಿಕೊಳ್ಳುತ್ತಾನಂತೆ, ಆಮೇಲೆ ಕಷ್ಟ, ಆಮೇಲೆ ಸಾವಿರ ವರ್ಷ ಸುಖ. ಅವಳಿಗೆ ಸುಖ ಈಗಲೇ ಇದೆ, ಗ್ಯಾಸಿನ ಒಲೆ ಇದೆ.

ಒಬ್ಬರಿಗೆ ಎಲ್ಲ ಹಿಂದೆ, ಒಬ್ಬರಿಗೆ ಎಲ್ಲ ಮುಂದೆ, ತಮ್ಮನಿಗೆ ಇವತ್ತು ಮಧ್ಯಾಹ್ನ.

"ಮದುವೆ ನಡೆಸಿಕೊಡ್ತೀರಾ?" ಅಂದೆ.

"ತಂದೆ ಇಲ್ಲದೆ ಹ್ಯಾಗಮ್ಮಾ ಫುಸಿಪಾಲಾ? ಊರು ಏನನ್ನುತ್ತೆ?"

"ಸೋದರತ್ತೆ ಇದೀನಲ್ಲ."

ಕನ್ನಡಕ ತೆಗೆದು ಒರೆಸಿದರು. ಒಪ್ಪಿದ ಹಾಗೆ.

ಸೆಪ್ಟೆಂಬರ್ 27

ಹನ್ನೆರಡು ದಿನದಿಂದ ಬರೆದಿಲ್ಲ. ಓದುತ್ತಿದ್ದೆ. ಕೊನೆಯ ಪುಸ್ತಕವನ್ನೇ, ಮೊದಲಿನಿಂದ ಕೊನೆಗೆ, ಮತ್ತೆ ಮೊದಲಿನಿಂದ. ಬೇರೆಯವರು ಕೋಲು ಹಿಡಿದು ತೋರಿಸಿದ್ದನ್ನು ನೋಡಿ ನೋಡಿ ಸಾಕಾಗಿತ್ತು.

ಸಿಕ್ಕಿತು.

ಆರನೇ ಮುದ್ರೆ ಒಡೆದಾಗ ನಕ್ಷತ್ರಗಳೆಲ್ಲ ಉದುರುತ್ತವೆ, ಆಕಾಶವೇ ಸುರುಳಿ ಸುತ್ತಿಕೊಂಡು ಹೋಗುತ್ತದೆ. ಸರಿ. ಹಾಗಾದರೆ ಆಮೇಲೆ ನಾಲ್ಕನೇ ತುತೂರಿಗೆ ಸೂರ್ಯ ಚಂದ್ರ ನಕ್ಷತ್ರಗಳಲ್ಲಿ ಮೂರರಲ್ಲೊಂದು ಪಾಲು ಮಂಕಾಗುವುದು ಹೇಗೆ? ಸುತ್ತಿಟ್ಟ ಚಾಪೆಯ ಮೇಲೆ ಯಾರು ಕೂರುತ್ತಾರೆ?

ಇನ್ನೊಂದು. ಆರನೇ ಮುದ್ರೆಯಲ್ಲಿ ದ್ವೀಪಗಳೆಲ್ಲ ಜಾಗ ಬಿಟ್ಟು ಕದಲಿದವು. ಕಟ್ಟಕಡೆಯ ಪಾತ್ರೆ ಸುರಿದಾಗ ದ್ವೀಪಗಳೆಲ್ಲ ಓಡಿಹೋದವು. ಅದೇ ಮಾತು, ಎರಡು ಸಲ. ಭೂಖಂಡದ ಮೇಲೆ ಕೂತು ಓದುವವರಿಗೆ ಇದು ಕಾಣದೇ ಇರಬಹುದು. ನಾವು ದ್ವೀಪದವರು, ನಮಗೆ ಕಾಣಬೇಡವೇ?

ಅಷ್ಟೇಕೆ, ಜನವರಿಯ ಆ ಶನಿವಾರವನ್ನೇ ನೆನೆಸಿಕೊಂಡೆ. ಮೊದಲು ಸದ್ದು, ಆಮೇಲೆ ಅಲೆ. ಸೂರ್ಯ ಮುಳುಗುವ ಮೊದಲೇ ಬೂದಿ ಸುರಿದು ಕಗ್ಗತ್ತಲು. ನೀರು ಕಹಿಯಾದದ್ದು ಅದಾದ ಮೇಲೆ, ಅದೇ ಬೂದಿ ಟ್ಯಾಂಕಿಗೆ ಬಿದ್ದು. ತಮ್ಮನ ನಕ್ಷೆಯಲ್ಲಿ ಬೆಟ್ಟ ಎರಡು, ನೀರು ಮೂರು, ಕತ್ತಲು ನಾಲ್ಕು. ನಾವೆಲ್ಲ ಅಲ್ಲೇ ಇದ್ದೆವಲ್ಲ. ನಾಲ್ಕು ಮೊದಲು ಬಂದು ಮೂರು ಆಮೇಲೆ ಬಂತು. ಅವನ ಮೆಟ್ಟಿಲು ಅವನ ಕಾಲಿಗೇ ಸರಿಹೋಗುವುದಿಲ್ಲ.

ಮೆಟ್ಟಿಲಲ್ಲದಿದ್ದರೆ ಮತ್ತೇನು, ಅದು ಮಾತ್ರ ಗೊತ್ತಿಲ್ಲ.

ಅಕ್ಟೋಬರ್ 8, ಶನಿವಾರ

ಅಚ್ಚು ಉಜ್ಜುವ ಕೆಲಸ. ವಿಕಾ, ನಾನು, ಮೆಲೆನೈತೆ, ಒಳಗಿನ ಹಳ್ಳಿಯಿಂದ ಇಬ್ಬರು. ಉದ್ದನೆಯ ಬಾಗುಹಲಗೆಗೆ ಚಿತ್ತಾರದ ಅಚ್ಚು ಕಟ್ಟಿ, ಮೇಲೆ ಬಟ್ಟೆ ಹಾಸಿ, ಕಂದು ಬಣ್ಣದ ಉಂಡೆಯಿಂದ ತಿಕ್ಕುವುದು. ಚಿತ್ತಾರ ಮೇಲೇಳುತ್ತದೆ. ಆಮೇಲೆ ಬಟ್ಟೆಯನ್ನು ಒಂದು ಪಟ್ಟಿಯಷ್ಟು ಮುಂದಕ್ಕೆ ಎಳೆದು ಮತ್ತೆ ತಿಕ್ಕುವುದು. ಅಂಚಿನಲ್ಲಿ ಪಟ್ಟಿಯ ನಂಬರು ಬರೆಯುವುದು.

ಮೆಲೆನೈತೆ ನಂಬರು ಬರೆಯುತ್ತಿದ್ದಳು. ಅಪ್ಪನ ಮಗಳಲ್ಲವೇ, ಕೇಳಿದಳು: "ಅತ್ತೆ, ನಂಬರು ಮುಂದಕ್ಕೆ ಹೋಗ್ತಾ ಇದೆ. ಚಿತ್ತಾರ ಮಾತ್ರ ಅದೇ ಅದೇ ಬರ್ತಿದೆ."

"ಇನ್ನೇನು ಬರುತ್ತೆ? ಅಚ್ಚು ಕೆಳಗೆ ಅಲ್ಲೇ ಇದೆ. ಬಟ್ಟೆ ತಾನೇ ಸರಿಯೋದು..."

ಹೇಳುತ್ತಾ ಹೇಳುತ್ತಾ ಉಂಡೆ ಹಿಡಿದ ಕೈ ನಿಂತೇಹೋಯಿತು. ವಿಕಾ "ಏನೇ, ನಡ ಹಿಡಿತಾ?" ಅಂದಳು.

ಅಮ್ಮ ಹೇಗೆ ಮಾಡುತ್ತಿದ್ದಳು? ಮೊದಲು ತೆಳುವಾಗಿ ಒಂದು ಸಲ. ಅದರ ಮೇಲೇ ದಟ್ಟವಾಗಿ ಇನ್ನೊಂದು ಸಲ. ಕೊನೆಗೆ ಕಪ್ಪಿನಲ್ಲಿ ಕೈಯಿಂದ ಗೆರೆ ಎಳೆಯುವುದು. ಮೂರು ಸಲವೂ ಒಂದೇ ಚಿತ್ತಾರ. ಮುದ್ರೆಗಳಲ್ಲಿ ಹಾಳಾಗುವುದು ನಾಲ್ಕರಲ್ಲೊಂದು ಪಾಲು, ತುತೂರಿಗಳಲ್ಲಿ ಮೂರರಲ್ಲೊಂದು, ಪಾತ್ರೆಗಳಲ್ಲಿ ಪೂರ್ತಿ. ಇಪ್ಪತ್ತೊಂದು ಮೆಟ್ಟಿಲಲ್ಲ ಅದು. ದರ್ಶನ ಕಂಡು ಆ ಪುಸ್ತಕ ಬರೆದವನು ಒಂದೇ ಚಿತ್ತಾರವನ್ನು ಮೂರು ಸಲ ತಿಕ್ಕಿದ್ದಾನೆ. ನಮ್ಮ ಬೆಟ್ಟ ಸಿಡಿದದ್ದು ಅದರಲ್ಲಿ ಒಂದು ಪಟ್ಟಿ. ನಮ್ಮ ಅಜ್ಜಂದಿರ ಕಾಲದ ಚಂಡಮಾರುತವೂ ಒಂದು ಪಟ್ಟಿ. ಹಾಗಂತ ಹೆಣ್ಣುಮಕ್ಕಳು ಮದುವೆ ನಿಲ್ಲಿಸಿದ್ದರೆ ನಾನೂ ಸೈಮೋನೆಯೂ ಎಲ್ಲಿರುತ್ತಿದ್ದೆವು?

ಸಂಜೆ ಬಟ್ಟೆ ಎತ್ತಿ ಒಣಗಿಸುವಾಗ ನಡುವೆ ಪರ್ರೆಂದು ಹರಿಯಿತು. ಗಂಟು ತೊಗಟೆ ತನ್ನ ಬುದ್ಧಿ ತೋರಿಸಿತು. ಮದುವೆಯ ದಿನ ಚರ್ಚಿನ ಬಾಗಿಲವರೆಗೆ ಹುಡುಗಿ ನಡೆದುಬರಲು ಹಾಸಬೇಕಾದ ಬಟ್ಟೆ. ಈಗ ಅರ್ಧ ದಾರಿಗೂ ಸಾಲದು. ಮತ್ತೆ ತೊಗಟೆ ಇಲ್ಲ, ಸಮಯವೂ ಇಲ್ಲ. ಬರಿ ನೆಲದ ಮೇಲೆ ನಡೆಸಿದರೆ, ಅಪ್ಪ ಬಿಟ್ಟ ಹುಡುಗಿ ಅಂತ ಊರು ಹುಟ್ಟುವ ಮಗುವಿನವರೆಗೂ ಆಡಿಕೊಳ್ಳುತ್ತದೆ.

ಮೆಲೆನೈತೆ ಅಳಲಿಲ್ಲ. ಅವಳು ಅತ್ತಿದ್ದರೆ ನಾನೂ ಅಳಬಹುದಿತ್ತು.

ಅಕ್ಟೋಬರ್ 16, ಭಾನುವಾರ

ಚರ್ಚು ಮುಗಿದಮೇಲೆ ಹಾಲ್ ಬಾಗಿಲಲ್ಲಿ ಸೈಮೋನೆ ಒಬ್ಬನೇ ಸಿಕ್ಕ. ವಾದ ಮಾಡಬಾರದು ಅನ್ನುವುದನ್ನು ಒಂದು ಸಲ ಬದಿಗಿಟ್ಟೆ. ಸುರುಳಿ ಸುತ್ತಿದ ಆಕಾಶ ಹೇಳಿದೆ, ಎರಡು ಸಲ ಓಡಿದ ದ್ವೀಪಗಳನ್ನು ಹೇಳಿದೆ, ಅಚ್ಚು ಹೇಳಿದೆ. ಅವನು ನೆಲ ನೋಡಿಕೊಂಡು ಪೂರ್ತಿ ಕೇಳಿದ. ಬುದ್ಧಿವಂತ ಅವನು, ಅರ್ಥವಾಯಿತು. ಮುಖದಲ್ಲಿ ಕಂಡಿತು.

ಆಮೇಲೆ ಅಂದ: "ಇದು ಕಡೇ ದಿನದ ತುತೂರಿ ಅಲ್ದೇ ಇದ್ರೆ ಮತ್ತೇನು ಅಕ್ಕ? ಬರೀ ನೀರಾ? ಬರೀ ನೀರು ಬಂದು ಸೇನಿನ ಎತ್ಕೊಂಡು ಹೋಯ್ತಾ?"

ಸೇನಿ ಅವನ ಹೆಂಡತಿ, ಮೆಲೆನೈತೆಯ ತಾಯಿ. ತೀರಿಕೊಂಡು ಆರು ವರ್ಷ. ದಂಡೆಯ ಮರಳಲ್ಲಿ ಅವಳ ಗೋರಿ ಇತ್ತು, ಬಿಳಿ ಕಲ್ಲು ಜೋಡಿಸಿ ಪ್ರತಿ ಶನಿವಾರ ಗುಡಿಸಿ ಬರುತ್ತಿದ್ದ. ಅಲೆ ಆ ಕಡೆಯ ಗೋರಿಗಳನ್ನೆಲ್ಲ ಗುರುತು ಸಿಗದ ಹಾಗೆ ಒರೆಸಿಬಿಟ್ಟಿತು.

ಕಲ್ಲು ಆರಿಸುವುದು ದಿನ ಎಣಿಸಲಿಕ್ಕಲ್ಲ, ಅವಳ ಗೋರಿಗೆ. ನನಗೇ ಹೊಳೆಯಲಿಲ್ಲವಲ್ಲ.

"ಹೌದು ಸೈಮೋನೆ, ನೀರೇ," ಅಂದೆ. "ಅದಕ್ಕೂ ಮುಂಚೆ ಬಂದಿತ್ತು, ಇನ್ನೂ ಬರುತ್ತೆ. ಸೇನಿ ಎದ್ದು ಬರೋ ದಿನ ಬಂದೇ ಬರುತ್ತೆ. ಅವಳು ಎದ್ದು ಬಂದು ಮೊದಲು ಕೇಳೋದು ಏನು ಗೊತ್ತಾ? ಮಗಳ ಮದುವೆಗೆ ಯಾಕೆ ಹೋಗಲಿಲ್ಲ ಅಂತ."

ದಂಡೆಯ ಕಡೆಗೆ ತಿರುಗಿದ. ಹೋದ. ನಾನು ಹೆಚ್ಚು ಆಡಿದೆನೋ ಏನೋ. ಆಡಿದ್ದಕ್ಕೆ ಬೇಸರವಿಲ್ಲ.

ನವೆಂಬರ್ 2, ಬುಧವಾರ

ಇವತ್ತು ಮಾಡಿದೆ.

ಹಾಲ್‌ಗೆ ಹೋದಾಗ ಸೈಮೋನೆ ನಕ್ಷೆ ಮುಂದೆ ಐದಾರು ಜನರಿಗೆ ಪಾಠ ಹೇಳುತ್ತಿದ್ದ. ಬಾಗಿಲಲ್ಲೇ ನಿಂತೆ.

"ತಮ್ಮಾ, ಆ ಬಟ್ಟೆ ನನಗೆ ಬೇಕು."

ಅಷ್ಟೇ. ಇನ್ನೊಂದು ಮಾತಿಲ್ಲ. ನಮ್ಮ ಪದ್ಧತಿಯಲ್ಲಿ ಅಕ್ಕ ಇದು ಬೇಕು ಅಂದರೆ ತಮ್ಮ ಇಲ್ಲ ಅನ್ನುವಂತಿಲ್ಲ. ಹಂದಿಯಾಗಲಿ, ಚಾಪೆಯಾಗಲಿ, ಮೈಮೇಲಿನ ಅಂಗಿಯಾಗಲಿ. ಈ ಹಕ್ಕನ್ನು ನಾನು ಹುಟ್ಟಿದಾಗಿನಿಂದ ಒಮ್ಮೆಯೂ ಬಾಯಿಬಿಟ್ಟು ಕೇಳಿರಲಿಲ್ಲ. ಕೂತವರೆಲ್ಲ ನನ್ನ ಕಡೆ ತಿರುಗಿದರು. ಒಬ್ಬ ಹುಂಬ ಎದ್ದು, "ಅದು ದೇವರ ವಾಕ್ಯ ಬರೆದಿರೋದು ಫುಸಿಪಾಲಾ," ಅಂದ.

"ವಾಕ್ಯ ಪುಸ್ತಕದಲ್ಲಿದೆ. ಬಟ್ಟೆ ನಮ್ಮಮ್ಮಂದು."

ಸೈಮೋನೆ ಅವನನ್ನು ಕೂರಲು ಸನ್ನೆ ಮಾಡಿದ. ತಾನೇ ಸ್ಟೂಲು ಹತ್ತಿ ಕೊಕ್ಕೆ ಬಿಚ್ಚಿದ. ಕೆಳಗಿಳಿಸುವಾಗ ಮುಂಬದಿ ಮೇಲಾಯಿತು — ಅಮ್ಮನ ಚಿತ್ತಾರ, ಪಟ್ಟಿ ಆದಮೇಲೆ ಪಟ್ಟಿ, ಅದೇ, ಅದೇ. ಅಂಚಿನಲ್ಲಿ ಅವಳ ಕೈಯ ವಕ್ರ ನಂಬರುಗಳು. ಒಂದು ಗಳಿಗೆ ನೋಡುತ್ತಾ ನಿಂತ. ಮಡಿಸಿದ. ನನ್ನ ಕೈಗೆ ಕೊಡುವಾಗ ಕೇಳಿದ, ನನ್ನ ಮುಖ ನೋಡದೆ: "ಯಾವ ಬದಿ ಮೇಲೆ ಹಾಸ್ತೀಯ?"

"ಅಮ್ಮನ ಬದಿ."

ತಲೆಯಾಡಿಸಿದ. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅನ್ನಲೂ ಇಲ್ಲ. ದಾರಿಯುದ್ದಕ್ಕೂ ಬಟ್ಟೆ ಹೆಗಲ ಮೇಲೆ ಭಾರವಾಗಿತ್ತು. ಯಾರಿಗೂ ಹೊರಲು ಕೊಡಲಿಲ್ಲ.

ನವೆಂಬರ್ 5, ಶನಿವಾರ, ಬೆಳಿಗ್ಗೆ

ಹಂದಿ ನೆಲದೊಲೆಗೆ ಇಳಿದಿದೆ. ಮರಗೆಣಸೂ. ಫೆಲೆತಿ ಎರವಲು ಅಂಗಿಯಲ್ಲಿ ಬೆವರುತ್ತಿದ್ದಾನೆ. ಕೊನೆಯ ಪುಸ್ತಕದ ಕೊನೆಗೆ ಸಮುದ್ರವೇ ಇರುವುದಿಲ್ಲ ಅಂತ ಬರೆದಿದೆ ಅಂತ ವಿಕಾ ಅವನನ್ನು ಕೆಣಕುತ್ತಿದ್ದಾಳೆ: "ಮೀನು ಹಿಡಿಯೋದು ಬಿಟ್ರೆ ನಿನಗೆ ಇನ್ನೇನು ಬರುತ್ತೋ?"

ದಾರಿಗೆ ಬಟ್ಟೆ ಹಾಸಿ ಬಂದೆ. ಅಮ್ಮನ ಬದಿ ಮೇಲೆ, ತುತೂರಿ ಪಾತ್ರೆ ಎಲ್ಲ ಮಣ್ಣಿಗೆ. ಗಾಳಿ ಜೋರಾಗಿದೆ. ಅಂಚು ಎದ್ದೆದ್ದು ಕಪ್ಪು ಗೆರೆ ಕಾಣುತ್ತದೆ, ನೋಡಿದವರು ಹಿಂದೆ ಸರಿಯುತ್ತಾರೆ. ಏಳಲಿ, ಕಾಣಲಿ. ಮೆಲೆನೈತೆ ಅದರ ಮೇಲೇ ನಡೆಯುತ್ತಾಳೆ, ಹೊಟ್ಟೆಯಲ್ಲಿರುವುದನ್ನೂ ಹೊತ್ತು. ಅಪ್ಪ ಬರದಿದ್ದರೆ ಕೈ ಹಿಡಿದು ನಾನು ನಡೆಸುತ್ತೇನೆ. ಯಾರು ಏನನ್ನುತ್ತಾರೋ ಅನ್ನಲಿ.

ಪಾದ್ರಿಗಳು ಬಂದರು. ಗಂಟೆ ಹೊಡೆಯುತ್ತಿದೆ. ಬೇಗ ಬರೆದು ಮುಗಿಸಬೇಕು.

ವಿಕಾ ಟೆಂಟಿನ ಬಾಗಿಲಿಗೆ ಬಂದಳು. ಈ ಸಲ ತಮಾಷೆ ಇಲ್ಲ ಮುಖದಲ್ಲಿ. "ಫುಸಿ, ಹೊರಗೆ ನೋಡು."

ಸೈಮೋನೆ. ಬಿಳಿ ಅಂಗಿ, ಸೊಂಟಕ್ಕೆ ಹಬ್ಬದ ಚಾಪೆ. ಪಕ್ಕದಲ್ಲಿ ಆ ಸೀಮೆಎಣ್ಣೆ ಡಬ್ಬ. ಮಂಡಿಯೂರಿ, ಗಾಳಿಗೆ ಏಳದ ಹಾಗೆ ಬಟ್ಟೆಯ ಅಂಚಿಗೆ ಬಿಳಿ ಕಲ್ಲು ಇಡುತ್ತಿದ್ದಾನೆ. ಸೇನಿಯ ಕಲ್ಲು. ಪಟ್ಟಿಗೊಂದು. ಚರ್ಚಿನ ಬಾಗಿಲಿಂದ ಶುರುಮಾಡಿ ಈ ಕಡೆಗೆ ಬರುತ್ತಿದ್ದಾನೆ, ಇನ್ನೂ ಅರ್ಧ ದಾರಿ ಇದೆ. ಮೆಲೆನೈತೆ ಕರೆಯುತ್ತಿದ್ದಾಳೆ, ಅತ್ತೆ, ಅತ್ತೆ, ಅಂತ. ಕಾಯಲಿ. ಅವನು ಇಲ್ಲಿಗೆ ಬಂದು ತಲುಪುವವರೆಗೆ ಯಾರೂ ಆ ಬಟ್ಟೆಯ ಮೇಲೆ ಕಾಲಿಡುವ ಹಾಗಿಲ್ಲ.